ಉಲ್ಲೇಖದ ಎಣಿಕೆಯೂ ವಿದ್ವತ್ತಿನ ತೂಕವೂ

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕೆಲವು ವರ್ಷಗಳಿಂದ ಪ್ರಕಟಿಸುತ್ತ ಬಂದಿದ್ದ ಮಾನ್ಯ ಸಂಶೋಧನ ಪತ್ರಿಕೆಗಳ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಕೇರ್ ಎಂಬ ಹೆಸರಿನಿಂದ ಅಧ್ಯಾಪಕವರ್ಗಕ್ಕೆಲ್ಲ ಪರಿಚಿತವಾಗಿದ್ದ ಈ ಪಟ್ಟಿಯಲ್ಲಿ ಸೇರಿದ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧಕ್ಕೆ ಬೆಲೆ, ಸೇರದ ಪತ್ರಿಕೆಯಲ್ಲಿ ಅಚ್ಚಾದುದಕ್ಕೆ ಬೆಲೆಯಿಲ್ಲ ಎಂಬ ವ್ಯವಸ್ಥೆಯು ಅಲ್ಲಿಯವರೆಗೆ ನಡೆದುಬಂದಿತು. ಇನ್ನು ಮುಂದೆ ಯಾವುದು ಒಳ್ಳೆಯ ಪತ್ರಿಕೆ, ಯಾವುದು ಒಳ್ಳೆಯ ಪ್ರಬಂಧ ಎಂಬುದನ್ನು ಆಯಾ ವಿದ್ಯಾಸಂಸ್ಥೆಗಳೇ ನಿಶ್ಚಯಿಸಿಕೊಳ್ಳಬೇಕೆಂದು ಆಯೋಗವು ತಿಳಿಸಿದೆ. ಆಯೋಗವು ಇಳಿಸಿದ ಹೊರೆಯು ಈಗ ನಮ್ಮ ಸಿಂಡಿಕೇಟುಗಳ ಮತ್ತು ನೇಮಕ ಸಮಿತಿಗಳ ಹೆಗಲಿಗೆ ಬಿದ್ದಿದೆ. ಆ ಹೊರೆಯನ್ನು ಅವು ಹೇಗೆ ಹೊರುವುವೆಂಬ ವಿಷಯದಲ್ಲಿ ನಮಗೆ ಕಳವಳವಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ಪಟ್ಟಿಯು ಹೋದರೂ ಎಣಿಕೆಯು ಹೋಗಿಲ್ಲ. ಒಬ್ಬ ಸಂಶೋಧಕನ ಯೋಗ್ಯತೆಯನ್ನು ತಿಳಿಯಲು ಅವನು ಬರೆದುದನ್ನು ಓದುವ ಬದಲು, ಅವನು ಬರೆದುದು ಎಷ್ಟು, ಅದನ್ನು ಇತರರು ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದುದು ಎಷ್ಟು ಸಲ, ಅದು ಅಚ್ಚಾದ ಪತ್ರಿಕೆಯ ದರ್ಜೆಯೇನು ಎಂದು ಕೂಡಿಸಿ ಕಳೆಯುವ ಪದ್ಧತಿಯು ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಇದರ ಮೂಲವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬ ಮಹಾಶಯರು, ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರೆಂದು ತೋರಿಸುವ ಒಂದು ಸೂಚಿಯು ಇದ್ದರೆ ಸಂಶೋಧಕನಿಗೆ ತನ್ನ ವಿಷಯದ ಎಳೆಯನ್ನು ಹಿಡಿದು ಹೋಗಲು ಅನುಕೂಲವಾದೀತೆಂದು 1955ರಲ್ಲಿ ಸೂಚಿಸಿದರು. 1964ರಿಂದ ಅಂತಹ ಸೂಚಿಯು ಅಚ್ಚಾಗಿ ಹೊರಬರತೊಡಗಿತು. ಅದರ ಬೆನ್ನಿಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದು ಕರೆಯುವ ಪ್ರಭಾವಾಂಕವು ಬಂದಿತು. ಒಂದು ಪತ್ರಿಕೆಯು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳು ಈ ವರ್ಷ ಎಷ್ಟು ಸಲ ಉಲ್ಲೇಖಗೊಂಡುವೆಂದು ಎಣಿಸಿ, ಆ ಮೊತ್ತವನ್ನು ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವುದೇ ಈ ಅಂಕ. ಯಾವ ಪತ್ರಿಕೆಯನ್ನು ಸೂಚಿಗೆ ಸೇರಿಸಬೇಕು, ಯಾವುದನ್ನು ಪುಸ್ತಕಭಂಡಾರಕ್ಕೆ ತರಿಸಬೇಕು ಎಂಬಂತಹ ಪ್ರಶ್ನೆಗಳಿಗೆ ಅದು ತಕ್ಕ ಸಾಧನವಾಗಿತ್ತು. ಮನುಷ್ಯನನ್ನು ತೂಗುವ ತಕ್ಕಡಿಯಾಗಿ ಅದನ್ನು ಯಾರೂ ಮಾಡಿರಲಿಲ್ಲ. ಮುಂದೆ 2005ರಲ್ಲಿ ಭೌತಶಾಸ್ತ್ರಜ್ಞರಾದ ಹೋರ್ಹೆ ಹರ್ಷ್ ಎಂಬುವರು ವ್ಯಕ್ತಿಗೇ ಅನ್ವಯಿಸುವ ಎಚ್-ಸೂಚ್ಯಂಕವನ್ನು ಹೊರಡಿಸಿದರು. ಸೂಚ್ಯಂಕವು 10 ಎಂದರೆ ಕನಿಷ್ಠ 10 ಸಲವಾದರೂ ಉಲ್ಲೇಖಗೊಂಡ 10 ಪ್ರಬಂಧಗಳು ಅವನಿಗಿವೆ ಎಂದರ್ಥ.

ಪತ್ರಿಕೆಯ ಸರಾಸರಿಯಿಂದ ಪ್ರಬಂಧದ ಗುಣವನ್ನು ಅಳೆಯುವುದು, ಒಂದು ತಾಲ್ಲೂಕಿನ ಸರಾಸರಿ ಆದಾಯವನ್ನು ನೋಡಿ ಅಲ್ಲಿಯ ಪ್ರತಿಯೊಬ್ಬ ರೈತನ ಮೇಲೂ ಅದೇ ಪ್ರಕಾರ ತೆರಿಗೆ ಹೇರಿದಂತೆ. ಯಾವ ಪತ್ರಿಕೆಯಲ್ಲಾದರೂ ಕೆಲವೇ ಪ್ರಬಂಧಗಳು ಉಲ್ಲೇಖಗಳ ದೊಡ್ಡ ಪಾಲನ್ನು ಪಡೆದು ಉಳಿದವನ್ನು ತಮ್ಮ ಹೆಸರಿನಲ್ಲಿ ಸಾಗಿಸುತ್ತವೆ. ಕಂದಾಯ ಇಲಾಖೆಯಲ್ಲಿ ಒಪ್ಪದ ನ್ಯಾಯವನ್ನು ವಿದ್ಯಾಇಲಾಖೆಯು ಒಪ್ಪಿಕೊಂಡುದು ಹೇಗೆಂಬುದು ನಮಗೆ ಇಂದಿಗೂ ಅರ್ಥವಾಗಿಲ್ಲ.

ಜೀವಕೋಶ ಶಾಸ್ತ್ರದಿಂದಲೇ ಒಂದು ನಿದರ್ಶನವನ್ನು ಕೊಡುತ್ತೇವೆ. ಜಪಾನಿನ ಯೋಶಿನೋರಿ ಓಸುಮಿ ಅವರು 1945ರಲ್ಲಿ ಹುಟ್ಟಿದವರು. ತಮ್ಮದೇ ಆದ ಪ್ರಯೋಗಶಾಲೆಯು ಅವರಿಗೆ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ದೊರೆತುದು 1988ರಲ್ಲಿ, ಎಂದರೆ 43ನೆಯ ವಯಸ್ಸಿನಲ್ಲಿ. ಜೀವಕೋಶವು ತನ್ನೊಳಗಿನ ಹಳೆಯ ಸಾಮಗ್ರಿಯನ್ನು ತಾನೇ ಜೀರ್ಣಿಸಿಕೊಂಡು ಮತ್ತೆ ಬಳಸಿಕೊಳ್ಳುವ ಕ್ರಿಯೆಗೆ ಬೆಲ್ಜಿಯಂ ದೇಶದ ಕ್ರಿಶ್ಚಿಯನ್ ದ ದೂವ್ ಅವರು 1963ರಲ್ಲಿಯೇ ಆಟೋಫಜಿ, ಎಂದರೆ ಸ್ವಭಕ್ಷಣ, ಎಂದು ಹೆಸರಿಟ್ಟಿದ್ದರು. ಹೆಸರಿದ್ದರೂ ಆ ಕ್ರಿಯೆಯು ನಡೆಯುವ ಬಗೆಯು ತಿಳಿದಿರಲಿಲ್ಲ. ಅದರಲ್ಲಿ ಆಸಕ್ತಿಯಿದ್ದವರೂ ವಿರಳ. ಓಸುಮಿ ಅವರು ಆರಿಸಿಕೊಂಡುದು ರೊಟ್ಟಿಯನ್ನು ಉಬ್ಬಿಸುವ ಯೀಸ್ಟನ್ನು. ಜೀರ್ಣಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಉಪವಾಸ ಕೆಡವಿ, ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರಲು, ಕೋಶದೊಳಗಿನ ಚೀಲವೊಂದರಲ್ಲಿ ಜೀರ್ಣವಾಗದ ಸಣ್ಣ ಉಂಡೆಗಳು ತುಂಬಿಕೊಂಡು ಕುಣಿದಾಡುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತು. ಕೋಶವು ತನ್ನನ್ನು ತಾನೇ ತಿನ್ನುತ್ತಿದ್ದುದು ಹಾಗೆ ಕಂಡಿತು. ಈ ಸಂಗತಿಯು 1992ರಲ್ಲಿ ಪ್ರಕಟವಾಯಿತು. ಆ ಬಳಿಕ ಸಾವಿರಾರು ಯೀಸ್ಟ್ ತಳಿಗಳನ್ನು ಜರಡಿ ಹಿಡಿದು, ಈ ಕ್ರಿಯೆಗೆ ಬೇಕಾದ 15 ಜೀನುಗಳನ್ನು ಗುರುತಿಸಿ, ಓಸುಮಿ ಅವರೂ ಅವರ ವಿದ್ಯಾರ್ಥಿನಿಯೂ 1993ರಲ್ಲಿ ಇನ್ನೊಂದು ಕಿರುಪ್ರಬಂಧವನ್ನು ಬರೆದರು. ಅದು ಅಚ್ಚಾದುದು ಫೆಬ್ಸ್ ಲೆಟರ್ಸ್ ಎಂಬ ಪತ್ರಿಕೆಯಲ್ಲಿ. ಯುರೋಪಿನ ಜೀವರಸಾಯನ ಸಂಘಗಳ ಒಕ್ಕೂಟವು ಚಿಕ್ಕ ವರದಿಗಳನ್ನು ಬೇಗನೆ ಹೊರತರುವುದಕ್ಕಾಗಿ ನಡೆಸುತ್ತಿರುವ ಗೌರವಸ್ಥ ಪತ್ರಿಕೆಯದು. ಆದರೆ ಹೆಸರು ಕೇಳಿದೊಡನೆಯೇ ನೇಮಕ ಸಮಿತಿಯವರು ಎದ್ದು ಕುಳಿತುಕೊಳ್ಳುವ ಪತ್ರಿಕೆಗಳಲ್ಲಿ ಅದೊಂದಲ್ಲ.

2016ರಲ್ಲಿ ಓಸುಮಿ ಅವರೊಬ್ಬರಿಗೇ, ಯಾರೊಡನೆಯೂ ಹಂಚಿಕೊಳ್ಳದೆ, ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆತಾಗ, ಆಧಾರವೆಂದು ನೊಬೆಲ್ ಸಭೆಯವರು ಹೆಸರಿಸಿದ ಮುಖ್ಯ ಪ್ರಬಂಧಗಳಲ್ಲಿ ಈ ಕಿರುಪ್ರಬಂಧವೂ ಒಂದಾಗಿತ್ತು. ಆ ವೇಳೆಗೆ ಆಟೋಫಜಿಯು ಅರ್ಬುದ, ನರರೋಗ, ಸೋಂಕುಗಳ ಅಭ್ಯಾಸದಲ್ಲೆಲ್ಲ ವ್ಯಾಪಿಸಿ, ಪ್ರತಿವರ್ಷ ಸಾವಿರಗಟ್ಟಲೆ ಪ್ರಬಂಧಗಳನ್ನು ಹೊರಡಿಸುವ ಶಾಸ್ತ್ರಭಾಗವಾಗಿತ್ತು. ಓಸುಮಿ ಅವರ ಹಳೆಯ ಬರಹಗಳ ಉಲ್ಲೇಖವೂ ಅದರೊಡನೆ ಏರಿತು. 1995ರಲ್ಲಿ ಕುಳಿತ ಸಮಿತಿಯೊಂದು ಎರಡು ವರ್ಷದ ಲೆಕ್ಕವನ್ನು ಹಿಡಿದು ನೋಡಿದ್ದರೆ ಈ ಏರಿಕೆಯ ಸುಳಿವನ್ನು ಎಲ್ಲಿ ಕಂಡೀತು? ಉಲ್ಲೇಖಿಸಬೇಕಾದವರು ಆಗಿನ್ನೂ ಆ ಶಾಸ್ತ್ರಕ್ಕೆ ಬಂದೇ ಇರಲಿಲ್ಲ.

ಜಪಾನು ತನ್ನ ಮನುಷ್ಯನಿಗೆ ಕುಳಿತು ನೋಡಲು ಜಾಗವನ್ನೂ ಕಾಲವನ್ನೂ ಕೊಟ್ಟಿತು. ನಾವು ನಮ್ಮವನಿಗೆ ಏನು ಕೊಟ್ಟೆವು? ಕಲ್ಕತ್ತೆಯ ಡಾಕ್ಟರ್ ಶಂಭುನಾಥ ದೇ ಅವರ ಹೆಸರನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಕೇಳಿರುವರೋ ನಾವರಿಯೆವು. ಕೇಳಿಲ್ಲದಿದ್ದರೆ ತಪ್ಪು ಅವರದಲ್ಲ.

ವಾಂತಿಭೇದಿಯ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಖ್ ಅವರು 1884ರಲ್ಲಿ ಕಲ್ಕತ್ತೆಯಲ್ಲಿಯೇ ಬೇರ್ಪಡಿಸಿ ಬೆಳೆಸಿದ್ದರು. ಅದು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದೂ ಊಹಿಸಿದ್ದರು. ಆ ವಿಷವನ್ನು ಮುಕ್ಕಾಲು ಶತಮಾನದವರೆಗೆ ಯಾರೂ ತೋರಿಸಿಕೊಡಲಿಲ್ಲ. 1915ರಲ್ಲಿ ಹೂಗ್ಲಿ ಜಿಲ್ಲೆಯಲ್ಲಿ ಜನಿಸಿ, ಲಂಡನ್ನಿನಲ್ಲಿ ರೋಗಶಾಸ್ತ್ರವನ್ನು ಅಭ್ಯಾಸ ಮಾಡಿ 1949ರಲ್ಲಿ ಹಿಂದಿರುಗಿದ ದೇ ಅವರು, ತಮ್ಮ ಊರಿನ ಆಸ್ಪತ್ರೆಗಳಲ್ಲಿ ಹೆಣ ಬೀಳಿಸುತ್ತಿದ್ದ ಈ ರೋಗದ ಬೆನ್ನು ಹತ್ತಿದರು. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡು ಕಡೆಯಲ್ಲಿಯೂ ದಾರದಿಂದ ಬಿಗಿದು, ಆ ಕುಣಿಕೆಯೊಳಗೆ ಕ್ರಿಮಿಯನ್ನು ಬಿಟ್ಟರೆ ಅಲ್ಲಿ ನೀರು ತುಂಬಿಕೊಳ್ಳುತ್ತದೆಂದು 1953ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ತೋರಿಸಿದರು. ಮುಂದೆ 1959ರಲ್ಲಿ, ಕ್ರಿಮಿಗಳನ್ನೆಲ್ಲ ಸೋಸಿ ತೆಗೆದ ಬರಿಯ ದ್ರವವನ್ನು ಅದೇ ಕುಣಿಕೆಗೆ ಹಾಕಿದರು. ಕರುಳು ಮತ್ತೆ ಉಬ್ಬಿತು. ಹೀಗೆ, ಕ್ರಿಮಿಯೇ ಅಲ್ಲಿರಬೇಕಾಗಿಲ್ಲ, ಅದು ಬಿಟ್ಟ ವಿಷವೇ ಸಾಕು ಎಂಬುದು ಸ್ಥಾಪಿತವಾಯಿತು. ದಾರ, ಸೋಸುಕ, ಮೊಲ ಇಷ್ಟೇ ಮುಖ್ಯ ಸಲಕರಣೆ. ನೇಚರ್ ಪತ್ರಿಕೆಯಲ್ಲಿ ಅದು ಹಿಡಿದ ಸ್ಥಳವು ಎರಡು ಪುಟಗಳನ್ನು ಮೀರಲಿಲ್ಲ.

ಈ ವಿಷದ ಮುಂದಿನ ಚರಿತ್ರೆಯು ಜೀವಕೋಶ ಶಾಸ್ತ್ರದ್ದೇ ಒಂದು ಅಧ್ಯಾಯವಾಗಿದೆ. ಅದು ಕರುಳಿನ ಜೀವಕೋಶದ ಹೊರಪೊರೆಯಲ್ಲಿರುವ ಜಿಎಂ-1 ಎಂಬ ದ್ರವ್ಯಕ್ಕೆ ಅಂಟಿಕೊಂಡು, ತನ್ನ ಒಂದು ಭಾಗವನ್ನು ಒಳಗೆ ಕಳುಹಿಸಿ, ಒಳಗಿನ ಒಂದು ಸಂಕೇತಯಂತ್ರವನ್ನು ಆರದಂತೆ ಹೊತ್ತಿಸಿಬಿಡುತ್ತದೆ. ಉಪ್ಪೂ ಅದರ ಹಿಂದೆ ನೀರೂ ಕೊಡಗಟ್ಟಲೆ ಹೊರಕ್ಕೆ ಸುರಿಯುತ್ತವೆ. ಕೋಶದ ಹೊರಪೊರೆಯನ್ನು ಪರೀಕ್ಷಿಸುವವರು ಇಂದು ಪ್ರಪಂಚದಾದ್ಯಂತ ಈ ವಿಷದ ಅಂಟುವ ಭಾಗವನ್ನೇ ಗುರುತಿನ ದ್ರವ್ಯವಾಗಿ ಉಪಯೋಗಿಸುತ್ತಾರೆ. ಅವರಲ್ಲಿ ಎಷ್ಟು ಮಂದಿ ತಮ್ಮ ಪ್ರಬಂಧದ ಕೊನೆಯಲ್ಲಿ ದೇ ಅವರ ಹೆಸರನ್ನು ಬರೆಯುತ್ತಾರೆ? ಸೀಸೆಯ ಮೇಲೆ ಬೆಲೆಯಿರುತ್ತದೆಯೇ ಹೊರತು ಕಂಡುಹಿಡಿದವನ ಹೆಸರಿರುವುದಿಲ್ಲ. ಶಾಸ್ತ್ರದಲ್ಲಿ ಪೂರ್ತಿಯಾಗಿ ಬೆರೆತುಹೋದ ಶೋಧವನ್ನು ಯಾರೂ ಉಲ್ಲೇಖಿಸದಿರುವುದೇ ವಾಡಿಕೆ.

ದೇ ಅವರು 1973ರಲ್ಲಿ ನಿವೃತ್ತರಾದರು. 1978ರಲ್ಲಿ ಸ್ವೀಡನ್ನಿನ ನೊಬೆಲ್ ಪ್ರತಿಷ್ಠಾನದವರು ವಾಂತಿಭೇದಿಯ ವಿಷಯವಾಗಿ ನಡೆಸಿದ ವಿಚಾರಗೋಷ್ಠಿಗೆ ಅವರನ್ನು ಕರೆಸಿಕೊಂಡರು. ನೊಬೆಲ್ ಪುರಸ್ಕೃತರಾದ ಜೋಶುವಾ ಲೆಡರ್‌ಬರ್ಗ್ ಅವರು ಪಾರಿತೋಷಕಕ್ಕೆ ಅವರ ಹೆಸರನ್ನು ಸೂಚಿಸಿದ್ದರು. 1985ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಅಷ್ಟು ಕಾಲದಲ್ಲಿಯೂ ಭಾರತದ ಯಾವ ವಿಜ್ಞಾನ ಪರಿಷತ್ತೂ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಳ್ಳಲಿಲ್ಲ. ಮರುವರ್ಷ ಅವರ ಕೆಲಸವನ್ನು ಕುರಿತು ವಿಸ್ತಾರವಾದ ಶ್ರದ್ಧಾಂಜಲಿಯನ್ನು ಬರೆದವರು ಬೇರೆ ಯಾರೂ ಅಲ್ಲ, ಉಲ್ಲೇಖಸೂಚಿಯ ಕರ್ತೃಗಳಾದ ಅದೇ ಗಾರ್ಫೀಲ್ಡರು. ವಾಂತಿಭೇದಿಯ ಸಂಶೋಧನೆಗಳ ಉಲ್ಲೇಖಗಳನ್ನು ನಕ್ಷೆಯಂತೆ ಬಿಡಿಸಿ, ಆ ನಕ್ಷೆಯಲ್ಲಿ ಕಲ್ಕತ್ತೆಯ ಈ ವೈದ್ಯರ ಸ್ಥಾನವೆಲ್ಲಿಯೆಂದು ಅವರು ತೋರಿಸಿಕೊಟ್ಟರು; 1959ರ ಪ್ರಬಂಧವು ಮೊದಲು ಯಾರ ಗಮನಕ್ಕೂ ಬಾರದೆ ಬಿದ್ದಿದ್ದುದನ್ನೂ ಹೇಳಿದರು. 1990ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯು ದೇ ಅವರ ಸ್ಮರಣೆಗೆ ವಿಶೇಷ ಸಂಚಿಕೆಯನ್ನು ಮುಡಿಪಾಗಿಟ್ಟಿತು. ಕನ್ನಡನಾಡಿನ ನೆಲದಿಂದ ಅಷ್ಟಾದರೂ ನಡೆದುದು ನಮಗೆ ಸಮಾಧಾನದ ವಿಷಯ. ಅದು ನಡೆಯುವ ಹೊತ್ತಿಗೆ ಅವರು ಇಲ್ಲವಾಗಿ ಐದು ವರ್ಷಗಳಾಗಿದ್ದುವು.

ಈ ಕಥೆಯನ್ನು ಎಣಿಕೆಯ ವಿರೋಧಿಗಳು ತಮ್ಮ ಪಕ್ಷಕ್ಕೆ ಎಳೆದುಕೊಳ್ಳುವುದು ಸಹಜ. ಆದರೆ ನ್ಯಾಯವಾಗಿ ನೋಡಿದರೆ ಇದು ಎರಡೂ ಕಡೆಗೆ ಕತ್ತರಿಸುವ ಅಲಗು. ಅಂಕಿಗಳು ತಡವಾಗಿ ಬಂದುವೆಂಬುದು ನಿಜ. ಆದರೆ ಬಂದ ಮೇಲೆ ಅವು ಸತ್ಯವನ್ನೇ ಹೇಳಿದುವು. ಆ ಸತ್ಯವನ್ನು ಹೇಳದೆ ಇದ್ದವರು ಕಣ್ಣಿದ್ದು, ಅಂಕಿಗಳ ಹಂಗಿಲ್ಲದೆ, ಪರಸ್ಪರ ಪರಿಚಯದ ಬಲದಿಂದ ಒಬ್ಬರನ್ನೊಬ್ಬರು ಆರಿಸಿಕೊಳ್ಳುತ್ತಿದ್ದ ವಿದ್ವಾಂಸರು. ಇದನ್ನು ಮರೆತು ಎಣಿಕೆಯನ್ನು ಮಾತ್ರ ಬಯ್ಯುವುದು ಉಚಿತವಾಗಲಾರದು.

ಎಣಿಕೆಯ ವಿರುದ್ಧ ಮೊದಲ ದೊಡ್ಡ ಕೂಗು ಎದ್ದುದು ಜೀವಕೋಶ ಶಾಸ್ತ್ರಜ್ಞರ ನಡುವಿನಿಂದಲೇ. 2012ರ ಡಿಸೆಂಬರಿನಲ್ಲಿ ಅಮೆರಿಕದ ಜೀವಕೋಶ ಶಾಸ್ತ್ರ ಸಂಘದ ವಾರ್ಷಿಕ ಸಮ್ಮೇಳನವು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೂಡಿದ್ದಾಗ, ಕೆಲವು ಸಂಪಾದಕರೂ ಪ್ರಕಾಶಕರೂ ಕಲೆತು ಒಂದು ಘೋಷಣೆಯನ್ನು ಸಿದ್ಧಪಡಿಸಿದರು. ನೇಮಕ, ಬಡ್ತಿ, ಧನಸಹಾಯಗಳಲ್ಲಿ ಪತ್ರಿಕೆಯ ಪ್ರಭಾವಾಂಕವನ್ನು ಪ್ರಬಂಧದ ಗುಣಕ್ಕೆ ಬದಲಾಗಿ ಬಳಸಬಾರದೆಂಬುದು ಅದರ ತಿರುಳು. ಡೋರಾ ಎಂಬ ಹೆಸರಿನಿಂದ 2013ರ ಮೇ ತಿಂಗಳಲ್ಲಿ ಹೊರಬಿದ್ದ ಈ ಘೋಷಣೆಗೆ ಸಾವಿರಗಟ್ಟಲೆ ಸಂಸ್ಥೆಗಳೂ ವ್ಯಕ್ತಿಗಳೂ ಅಂಕಿತ ಹಾಕಿದ್ದಾರೆ. ಅದೇ ವರ್ಷದ ಡಿಸೆಂಬರಿನಲ್ಲಿ, ಕೋಶದೊಳಗಿನ ಸರಕುಸಾಗಣೆಯ ರಹಸ್ಯವನ್ನು ಬಿಡಿಸಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ರ‍್ಯಾಂಡಿ ಶೆಕ್‌ಮನ್ ಅವರು, ನೇಚರ್, ಸೆಲ್, ಸೈನ್ಸ್ ಎಂಬ ಮೂರು ಪತ್ರಿಕೆಗಳಿಗೆ ಇನ್ನು ಮುಂದೆ ತಮ್ಮ ಪ್ರಯೋಗಶಾಲೆಯಿಂದ ಬರಹಗಳನ್ನು ಕಳುಹಿಸುವುದಿಲ್ಲವೆಂದು ಸಾರಿದರು. ಧೀರವಾದ ಮಾತು. ಆದರೆ ಆ ಪತ್ರಿಕೆಗಳಲ್ಲಿ ಬರೆದೇ ಹೆಸರಾದವರು, ಅದೂ ಆಗ ಇನ್ನೊಂದು ಪತ್ರಿಕೆಯ ಸಂಪಾದಕರಾಗಿದ್ದವರು, ಹೊಳೆ ದಾಟಿದ ಮೇಲೆ ದೋಣಿಯ ಹಂಗು ಬೇಡವೆಂದುದನ್ನು ಆಚೆಯ ದಡದಲ್ಲಿ ನಿಂತಿರುವ ತರುಣರು ಹೇಗೆ ಕೇಳಿಸಿಕೊಂಡರೋ!

ಆ ತರುಣರ ಸ್ಥಿತಿಯೇ ನಮ್ಮ ಮುಖ್ಯ ಚಿಂತೆ. ಆಯೋಗದ 2018ರ ನಿಯಮಾವಳಿಯಲ್ಲಿ ಒಂದು ಕೋಷ್ಟಕವಿದೆ. ಪ್ರಭಾವಾಂಕವಿಲ್ಲದ ಪತ್ರಿಕೆಯ ಪ್ರಬಂಧಕ್ಕೆ 5 ಅಂಕ. ಪ್ರಭಾವಾಂಕವು 1ಕ್ಕಿಂತ ಕಡಿಮೆಯಾದರೆ 10. 1ರಿಂದ 2ರವರೆಗೆ 15. 2ರಿಂದ 5ರವರೆಗೆ 20. 5ರಿಂದ 10ರವರೆಗೆ 25. ಹತ್ತನ್ನು ಮೀರಿದರೆ 30. ಇಬ್ಬರು ಕೂಡಿ ಬರೆದರೆ ಒಬ್ಬೊಬ್ಬರಿಗೂ ನೂರಕ್ಕೆ 70ರಂತೆ. ದಿನಸಿ ಅಂಗಡಿಯ ದರಪಟ್ಟಿಗೂ ಇದಕ್ಕೂ ಏನು ಭೇದ? ಓಸುಮಿ ಅವರ 1993ರ ಪ್ರಬಂಧವನ್ನು ಈ ತಕ್ಕಡಿಗೆ ಹಾಕಿದರೆ 30ರ ವರ್ಗವು ಅದಕ್ಕೆ ದೊರೆಯುವಂತಿಲ್ಲ. ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಉಲ್ಲೇಖಗೊಂಡ ಪ್ರಬಂಧವೆಂದು ಹೆಸರಾದುದು ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಬರಹ. ಅದರ ಉಲ್ಲೇಖಗಳು 3,00,000ವನ್ನು ಮೀರಿವೆ. ಅದಕ್ಕೂ ಆ ವರ್ಗವು ದೊರೆಯದು. ಆ ಪ್ರಬಂಧದಲ್ಲಿರುವುದಾದರೋ ಒಂದು ದ್ರವದಲ್ಲಿ ಪ್ರೋಟೀನು ಎಷ್ಟಿದೆಯೆಂದು ಬಣ್ಣದಿಂದ ಅಳೆಯುವ ವಿಧಾನ. ಬಹಳ ಉಪಯುಕ್ತ, ಆದರೆ ಮಹತ್ತಾದ ಪ್ರಬಂಧವೇನೂ ಅಲ್ಲವೆಂದು ಲೌರಿಯವರೇ ಒಪ್ಪಿಕೊಂಡಿದ್ದರು. ಉಲ್ಲೇಖಗಳ ರಾಶಿಗೂ ಪತ್ರಿಕೆಯ ದರ್ಜೆಗೂ ಪ್ರಬಂಧದ ಮಹತ್ತ್ವಕ್ಕೂ ಒಂದರೊಡನೊಂದಕ್ಕೆ ತಾಳೆಯಿಲ್ಲವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ದರಪಟ್ಟಿಯಿದ್ದಲ್ಲಿ ಪೇಟೆಯು ಹುಟ್ಟದಿರುವುದೆಂತು? ಹಣವನ್ನು ತೆಗೆದುಕೊಂಡು, ಪರೀಕ್ಷೆಯ ಶಾಸ್ತ್ರವನ್ನೂ ಮಾಡದೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳಲ್ಲಿ 2010ರಲ್ಲಿ ಸುಮಾರು 53,000 ಪ್ರಬಂಧಗಳು ಬಂದಿದ್ದರೆ 2014ರಲ್ಲಿ ಅವು ಸುಮಾರು 4,20,000ಕ್ಕೆ ಏರಿದುವೆಂದು ಫಿನ್ಲೆಂಡಿನ ಇಬ್ಬರು ವಿದ್ವಾಂಸರು ಅಂದಾಜು ಮಾಡಿದರು. ಬರೆದವರಲ್ಲಿ ದೊಡ್ಡ ಪಾಲು ನಮ್ಮ ದೇಶದವರದು. ಆಯೋಗವು ತಾನೇ ಮಾನ್ಯಮಾಡಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಕಿತ್ತುಹಾಕಬೇಕಾಯಿತು. ಅದರ ತರುವಾಯ ಬಂದುದೇ ಕೇರ್ ಪಟ್ಟಿ. ಈಗ ಅದೂ ಹೋಯಿತು. ಡಾಕ್ಟರೇಟಿನ ಪ್ರಬಂಧವನ್ನು ಒಪ್ಪಿಸುವ ಮೊದಲು ಪತ್ರಿಕೆಯಲ್ಲಿ ಬರಹವೊಂದನ್ನು ಅಚ್ಚುಮಾಡಿಸಲೇಬೇಕೆಂಬ ಕಟ್ಟಳೆಯನ್ನು 2022ರಲ್ಲಿಯೇ ಕೈಬಿಡಲಾಗಿದೆ. ಬಡ ವಿದ್ಯಾರ್ಥಿಯು ಫೆಲೋಷಿಪ್ಪಿನ ಹಣದಲ್ಲಿ ಉಳಿಸಿ, ತನಗೆ ಗೌರವವಿಲ್ಲದ ಪತ್ರಿಕೆಗೆ ಸಲ್ಲಿಸುತ್ತಿದ್ದ ಆ ಕಪ್ಪವು ನಿಂತುದಕ್ಕೆ ನಾವು ಆಯೋಗವನ್ನು ಅಭಿನಂದಿಸಬೇಕು.

ಹಾಗಾದರೆ ಅಂಕಿಗಳನ್ನೆಲ್ಲ ಕಿತ್ತೆಸೆದರೆ ಆದೀತೆ? ಇಲ್ಲಿ ನಾವು ಸ್ವಲ್ಪ ತಡೆದು ಆಲೋಚಿಸಬೇಕಾಗಿದೆ. ನಮ್ಮ ದೇಶದಲ್ಲಿ ಅಂಕಿಯು ಕೇವಲ ಜಡತ್ವದಿಂದ ಬಂದುದಲ್ಲ. ಬೇಸತ್ತವರ ಬೇಡಿಕೆಯಿಂದಲೂ ಬಂದುದು. ಶಿಫಾರಸಿಲ್ಲದ, ದೊಡ್ಡವರ ಪರಿಚಯವಿಲ್ಲದ, ಸಮಿತಿಯಲ್ಲಿ ತನ್ನವರೆನ್ನುವವರಿಲ್ಲದ ಹಳ್ಳಿಯ ಉಮೇದುವಾರನಿಗೆ, ತನ್ನ ಕೈಯಲ್ಲಿರುವ ಅಂಕಿಯೊಂದೇ ಆಸರೆಯಾಗಿತ್ತು. ಅದು ಎಷ್ಟೇ ಒರಟಾದ ಅಳತೆಯಾದರೂ, ಅವನ ಜಾತಿಯನ್ನು ಕೇಳದ ಅಳತೆ. ಈ ಅಳತೆಯನ್ನು ತೆಗೆದು ಸಮಿತಿಯ ವಿವೇಚನೆಗೇ ಎಲ್ಲವನ್ನೂ ಬಿಟ್ಟರೆ, ವಿವೇಚನೆಯ ಹೆಸರಿನಲ್ಲಿ ಹಳೆಯ ದಾಕ್ಷಿಣ್ಯವೇ ಮರಳಿ ಗದ್ದುಗೆಯೇರುವ ಭಯವು ಅಕಾರಣವಾದುದಲ್ಲ. 2025ರ ಜನವರಿಯಲ್ಲಿ ಆಯೋಗವು ಹೊರಡಿಸಿದ ಕರಡು ನಿಯಮಗಳಲ್ಲಿ ಅಂಕಗಳ ಕೋಷ್ಟಕಕ್ಕೆ ಬದಲಾಗಿ ಗಣನೀಯ ಕಾರ್ಯಗಳೆಂಬ ಒಂಬತ್ತು ಬಾಬುಗಳನ್ನು ಸೂಚಿಸಿದಾಗ ಅನೇಕ ಅಧ್ಯಾಪಕರು ಸಂಶಯಪಟ್ಟುದಕ್ಕೆ ಇದೂ ಒಂದು ಕಾರಣ. ಯಾವುದು ಗಣನೀಯವೆಂದು ಹೇಳುವವರು ಯಾರು?

ನಮಗೆ ತೋರುವ ಉಪಾಯವು ಹೊಸದೇನೂ ಅಲ್ಲ. ಉಮೇದುವಾರನು ತನ್ನ ಬರಹಗಳಲ್ಲಿ ಉತ್ತಮವೆಂದು ತಾನೇ ಆರಿಸಿದ ಎರಡು ಮೂರು ಪ್ರಬಂಧಗಳನ್ನು ಅರ್ಜಿಯೊಡನೆ ಒಪ್ಪಿಸಲಿ. ಸಮಿತಿಯ ಪ್ರತಿಯೊಬ್ಬ ಸದಸ್ಯರೂ ಅವನ್ನು ಓದಿ, ಅದರಲ್ಲಿ ಹೊಸತೇನು, ಅದು ನಿಲ್ಲುವುದೇ, ಇವನ ಕೈವಾಡವೆಷ್ಟು ಎಂದು ತಮ್ಮ ಹಸ್ತಾಕ್ಷರದಿಂದ ಬರೆದು ರುಜು ಹಾಕಲಿ. ಆ ಬರಹವು ಕಡತದಲ್ಲಿ ಉಳಿಯಲಿ. ಆಯ್ಕೆಯಾಗದ ಉಮೇದುವಾರನು ಬಯಸಿದರೆ ಅವನಿಗೆ ಅದರ ನಕಲು ದೊರೆಯಲಿ. ಉಲ್ಲೇಖದ ಅಂಕಿಯೂ ಪಕ್ಕದಲ್ಲಿರಲಿ, ತಪ್ಪಿ ಹೋದುದನ್ನು ನೆನಪಿಸುವುದಕ್ಕೆ; ದೇ ಅವರ ವಿಷಯದಲ್ಲಿ ಅದು ಮಾಡಿದ ಕೆಲಸವೂ ಅದೇ. ಓದದೆಯೇ ಬರೆದವನ ಅಜ್ಞಾನವು ಕಾಗದದ ಮೇಲೆ ಅಡಗಲಾರದು, ದಾಕ್ಷಿಣ್ಯಕ್ಕೆ ಬರೆದವನ ಕೈಯೂ ಅಲ್ಲಿ ನಡುಗದಿರದು.

ಇದಕ್ಕೆ ಸಮಯವೆಲ್ಲಿ, ಹಣವೆಲ್ಲಿ ಎಂದು ಅಧಿಕಾರಿಗಳು ಕೇಳುವುದುಂಟು. ಒಂದು ರಾಷ್ಟ್ರ ಒಂದು ಚಂದಾ ಎಂಬ ಯೋಜನೆಯ ಮೇರೆಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಕೇಂದ್ರ ಸಚಿವ ಸಂಪುಟವು 2024ರ ನವೆಂಬರಿನಲ್ಲಿ ಮಂಜೂರು ಮಾಡಿದೆ. ಓದುವುದಕ್ಕೆಂದು ಇಷ್ಟು ಹಣವನ್ನು ತೆತ್ತ ಮೇಲೆ, ಓದುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಮಾತ್ರ ಬಿಟ್ಟು, ಅವರ ಭವಿಷ್ಯವನ್ನು ನಿರ್ಣಯಿಸುವವರು ಕೋಷ್ಟಕವನ್ನು ಹಿಡಿದು ಕುಳಿತುಕೊಳ್ಳುವುದು ಎಲ್ಲಿಯ ಮಿತವ್ಯಯ? ಶಂಭುನಾಥ ದೇ ಅವರ 1959ರ ಪ್ರಬಂಧವನ್ನು ಓದಲು ಅರ್ಧ ಗಂಟೆ ಸಾಕು. ನಮ್ಮ ಸಂಸ್ಥಾನದ ವಿಶ್ವವಿದ್ಯಾನಿಲಯಗಳ ಸಿಂಡಿಕೇಟುಗಳು ತಮ್ಮ ಹೊಸ ನಿಯಮಗಳನ್ನು ರಚಿಸುವ ಮೊದಲು, ಈ ಅರ್ಧ ಗಂಟೆಗೆ ಅವುಗಳಲ್ಲಿ ಎಲ್ಲಿ ಎಡೆಯಿದೆಯೆಂಬುದನ್ನು ಸಾರ್ವಜನಿಕರಿಗೆ ತಿಳಿಸಬೇಕೆಂದು ನಾವು ಆಗ್ರಹಪೂರ್ವಕವಾಗಿ ಕೇಳುತ್ತೇವೆ.